ಜೀವವಿಕಾಸ ಮುಂದಕ್ಕೇ ಹೋಗುತ್ತಾ?

[ಪರದೆಯಲ್ಲಿ: ಗಲಪಗೋಸ್ ನಕ್ಷೆ]

ಪೆಸಿಫಿಕ್ ಸಾಗರದ ಗಲಪಗೋಸ್‌ನಲ್ಲಿ ಡ್ಯಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪವಿದೆ. 1977ರಲ್ಲಿ ಅಲ್ಲಿ ಮಳೆ ಕೈಕೊಟ್ಟಿತು. ಸಣ್ಣ ಬೀಜಗಳು ಬೇಗ ಖಾಲಿಯಾದವು. ಉಳಿದದ್ದು ದೊಡ್ಡ, ಗಟ್ಟಿ ಬೀಜಗಳು. ಅವನ್ನು ಒಡೆಯಬಲ್ಲ ದಪ್ಪ ಕೊಕ್ಕಿನ ಫಿಂಚ್ ಹಕ್ಕಿಗಳೇ ಜಾಸ್ತಿ ಬದುಕಿದವು. ಅವುಗಳ ಮರಿಗಳ ಕೊಕ್ಕೂ ದಪ್ಪಗಿತ್ತು. ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ ವರ್ಷಗಟ್ಟಲೆ ಹಕ್ಕಿಗಳನ್ನು ಹಿಡಿದು, ಅಳೆದು, ಬಿಟ್ಟು ಇದನ್ನೆಲ್ಲ ದಾಖಲಿಸಿದರು. ಎಂಥ ತಾಳ್ಮೆ!

ಹಾಗಾದರೆ ದಪ್ಪ ಕೊಕ್ಕು ಪ್ರಗತಿ ಅಲ್ವಾ? ತಡೆಯಿರಿ. 1983ರಲ್ಲಿ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ವಿದ್ಯಮಾನ, ಭಾರೀ ಮಳೆ ತಂದಿತು. ದ್ವೀಪದ ತುಂಬ ಸಣ್ಣ ಬೀಜಗಳು. ಅದಾದ ಮೇಲೆ ಬಂದ ಬರದಲ್ಲಿ ಸಣ್ಣ ಕೊಕ್ಕಿನವು ಗೆದ್ದವು. ಆಯ್ಕೆಯ ದಿಕ್ಕೇ ತಿರುಗಿತು.

ನೈಸರ್ಗಿಕ ಆಯ್ಕೆ ಮಾಡುವುದು ಇಷ್ಟೇ. ಇವತ್ತು, ಇಲ್ಲಿ, ಹೆಚ್ಚು ಸಂತಾನ ಉಳಿಸುವ ಗುಣ ಹರಡುತ್ತದೆ. ನಾಳೆ ಏನಾಗಬೇಕು ಅನ್ನುವುದು ಅದಕ್ಕೆ ಗೊತ್ತಿಲ್ಲ.

[ಪರದೆಯಲ್ಲಿ: ಗುಹೆಯ ಕುರುಡು ಮೀನು]

ಹಾಗಂತ ಅದರಿಂದ ಸುಧಾರಣೆಯೇ ಆಗದು ಅನ್ನುವುದೂ ತಪ್ಪು. ಕಣ್ಣನ್ನೇ ನೋಡಿ. ಬೆಳಕು ಗುರುತಿಸುವ ಬರೀ ಒಂದು ಮಚ್ಚೆಯಿಂದ ಮಸೂರವಿರುವ ಕಣ್ಣಿನವರೆಗೆ ಎಷ್ಟು ತಲೆಮಾರು ಬೇಕು? ನಿಲ್ಸನ್ ಮತ್ತು ಪೆಲ್ಗರ್ ಎಂಬ ವಿಜ್ಞಾನಿಗಳು 1994ರಲ್ಲಿ ಲೆಕ್ಕ ಹಾಕಿದರು. ತೀರಾ ನಿಧಾನದ ಬದಲಾವಣೆ ಅಂತ ಇಟ್ಟುಕೊಂಡರೂ 4 ಲಕ್ಷಕ್ಕಿಂತ ಕಡಿಮೆ ಸಾಕಾಯಿತು! ಪ್ರತಿ ಹಂತದಲ್ಲೂ ಸ್ವಲ್ಪ ಚೆನ್ನಾಗಿ ಕಂಡರೆ ಸಾಕು, ಅದೇ ಉಳಿಯುತ್ತದೆ. ಆದರೆ ಮೆಕ್ಸಿಕೋದ ಕತ್ತಲ ಗುಹೆಗಳಲ್ಲಿ ಸಿಕ್ಕಿಕೊಂಡ ಮೀನುಗಳು ಅದೇ ಕಣ್ಣನ್ನು ಕಳೆದುಕೊಂಡವು. ಹೊಳೆಯಲ್ಲಿರುವ ಅವುಗಳ ಬಂಧುಗಳಿಗೆ ಕಣ್ಣು ಇನ್ನೂ ಇದೆ. ಇದನ್ನು ಹಿನ್ನಡೆ ಅನ್ನಲು ನನಗೆ ಮನಸ್ಸಿಲ್ಲ. ಕಣ್ಣು ಸಾಕುವುದಕ್ಕೆ ತುಂಬಾ ಶಕ್ತಿ ಬೇಕು.

ಮತ್ತೆ ಬ್ಯಾಕ್ಟೀರಿಯಾದಿಂದ ತಿಮಿಂಗಿಲದವರೆಗೆ ಬಂದದ್ದು? ಜೀವ ಶುರುವಾದದ್ದೇ ತೀರಾ ಸರಳವಾಗಿ. ಅದಕ್ಕಿಂತ ಸರಳವಾಗಲು ಜಾಗವೇ ಇರಲಿಲ್ಲ. ಹರಡಿಕೊಳ್ಳಲು ಉಳಿದದ್ದು ಜಟಿಲತೆಯ ಕಡೆ ಮಾತ್ರ. ಕೆಲವು ಜೀವಿಗಳು ಅತ್ತ ಹೋದವು. ಬ್ಯಾಕ್ಟೀರಿಯಾ ಬ್ಯಾಕ್ಟೀರಿಯಾ ಆಗಿಯೇ ಉಳಿದು ಇವತ್ತಿಗೂ ಎಲ್ಲೆಲ್ಲೂ ಇವೆ.

[ಪರದೆಯಲ್ಲಿ: ಸಾಲಾಗಿಟ್ಟ 12 ಫ್ಲಾಸ್ಕ್‌ಗಳು]

ಇನ್ನೊಂದು ಪ್ರಯೋಗ ನನಗೆ ತುಂಬಾ ಇಷ್ಟ. 1988ರಲ್ಲಿ ವಿಜ್ಞಾನಿ ರಿಚರ್ಡ್ ಲೆನ್ಸ್‌ಕಿ ಇ. ಕೋಲೈ ಬ್ಯಾಕ್ಟೀರಿಯಾಗಳನ್ನು 12 ಫ್ಲಾಸ್ಕ್‌ಗಳಲ್ಲಿ ಬೆಳೆಸಲು ಶುರು ಮಾಡಿದರು. ಆಹಾರ ಸ್ವಲ್ಪವೇ ಗ್ಲೂಕೋಸ್. ಹನ್ನೆರಡೂ ಗುಂಪುಗಳು ತಮ್ಮ ಪೂರ್ವಜರಿಗಿಂತ ವೇಗವಾಗಿ ಬೆಳೆಯತೊಡಗಿದವು. ಇದು ಅಳೆದು ತೋರಿಸಬಹುದಾದ ಸುಧಾರಣೆ. ಆದರೆ ಮೊದಲ 2,000 ತಲೆಮಾರುಗಳೊಳಗೇ ಆ ಹನ್ನೆರಡೂ ಗುಂಪುಗಳು ರೈಬೋಸ್ ಎಂಬ ಇನ್ನೊಂದು ಸಕ್ಕರೆಯನ್ನು ಬಳಸುವ ಶಕ್ತಿ ಕಳೆದುಕೊಂಡಿದ್ದವು.