ಅಗಸಿ ಕುಟ್ಟಿಯೇ ತಿನ್ನಬೇಕು, ಯಾಕೆ?

ಬಾನುಲಿ ಕೇಳುತ್ತಿರುವ ಎಲ್ಲರಿಗೂ ಶರಣು ಶರಣಾರ್ಥಿ.

ನಮ್ಮವ್ವ ಅಗಸಿ ಹುರಿಯಲು ಕೂತರೆ ಚಟಪಟ ಸದ್ದು ಅಂಗಳದವರೆಗೂ ಕೇಳುತ್ತಿತ್ತು. ಸದ್ದು ಪೂರ್ತಿ ನಿಲ್ಲುವ ಮೊದಲೇ ಬಾಣಲೆ ಇಳಿಸಬೇಕು, ಇಲ್ಲದಿದ್ದರೆ ಕಹಿ ಬರುತ್ತದೆ ಎನ್ನುತ್ತಿದ್ದಳು. ಆಮೇಲೆ ಒಣ ಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ, ಉಪ್ಪು ಹಾಕಿ ಒರಳಲ್ಲಿ ಕುಟ್ಟುವುದು. ಜೋಳದ ರೊಟ್ಟಿ, ಅಗಸಿ ಹಿಂಡಿ, ಮೇಲಿಷ್ಟು ಮೊಸರು. ನಮ್ಮ ಕಲಬುರಗಿ ಕಡೆ ಇದನ್ನು ಉಣ್ಣದೆ ಬೆಳೆದವರು ಕಡಿಮೆ, ಅಲ್ವಾ?

ಆ ಕುಟ್ಟುವ ಕೆಲಸದ ಬಗ್ಗೆಯೇ ಇವತ್ತು ನನ್ನ ಮಾತು.

ಅಗಸಿಯ ಸಿಪ್ಪೆಯಲ್ಲಿ ಲಿಗ್ನಾನ್ ಎಂಬ ಅಂಶ ಇದೆ. ಬೇರೆ ಕಾಳುಗಳಲ್ಲೂ ಇದೆ, ಆದರೆ ಅಗಸಿಯಲ್ಲಿ ತುಂಬಾ ಜಾಸ್ತಿ. ತಿಂದ ಲಿಗ್ನಾನ್ ಇದ್ದ ಹಾಗೇ ಮೈಗೆ ಹತ್ತುವುದಿಲ್ಲ. ನಮ್ಮ ಕರುಳಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಎಂಟರೋಲ್ಯಾಕ್ಟೋನ್‌ನಂಥ ಪದಾರ್ಥವಾಗಿ ಬದಲಿಸುತ್ತವೆ. ಅದು ಸ್ವಲ್ಪ ಮಟ್ಟಿಗೆ ಹೆಣ್ಣುಮಕ್ಕಳ ಈಸ್ಟ್ರೋಜನ್ ಹಾರ್ಮೋನನ್ನು ಹೋಲುತ್ತದೆ. ಅದಕ್ಕೇ ಸ್ತನದ ಕ್ಯಾನ್ಸರ್ ತಡೆಯಲು ಇದರಿಂದ ನೆರವಾದೀತೇ ಎಂದು ಸಂಶೋಧಕರು ನೋಡುತ್ತಿದ್ದಾರೆ. ತಡೆಯುತ್ತದೆ ಎಂದು ಇನ್ನೂ ಖಚಿತವಾಗಿಲ್ಲ.

ಆದರೆ ಕಾಳನ್ನು ಇಡಿಯಾಗಿ ನುಂಗಿದರೆ? ಸಿಪ್ಪೆ ಗಟ್ಟಿ. ಬಹಳಷ್ಟು ಕಾಳು ಹೋದ ಹಾಗೆಯೇ ಹೊರಗೆ ಬರುತ್ತದೆ. ನಾನೇ ಅಪ್ಪನಿಗೆ ಎರಡು ತಿಂಗಳು ಮಜ್ಜಿಗೆಯಲ್ಲಿ ಇಡೀ ಅಗಸಿ ಹಾಕಿ ಕೊಟ್ಟಿದ್ದೆ. ಗೊತ್ತಾದಾಗ ಬಹಳ ಕೆಡುಕೆನಿಸಿತು. ಅವ್ವನ ಒರಳು ಮನೆಯಲ್ಲೇ ಇತ್ತು!

ಬಿಪಿ ವಿಚಾರಕ್ಕೆ ಬರೋಣ. ಕೆನಡಾದಲ್ಲಿ ಕಾಲಿನ ರಕ್ತನಾಳ ಕಿರಿದಾದ ರೋಗಿಗಳಿಗೆ ದಿನಾ 30 ಗ್ರಾಂ ಅಗಸಿ ಪುಡಿಯನ್ನು ಊಟದಲ್ಲಿ ಸೇರಿಸಿ ಕೊಟ್ಟರು. 6 ತಿಂಗಳಾದ ಮೇಲೆ, ಪುಡಿ ತಿನ್ನದವರಿಗಿಂತ ಅವರ ಮೇಲಿನ ಬಿಪಿ ಸುಮಾರು 10ರಷ್ಟು ಕಡಿಮೆ ಇತ್ತು. ಇದು ಪ್ರಕಟವಾದದ್ದು 2013ರಲ್ಲಿ. ಒಳ್ಳೆಯ ಸುದ್ದಿಯೇ. ಆದರೆ ಅಷ್ಟನ್ನೂ ಲಿಗ್ನಾನ್ ಲೆಕ್ಕಕ್ಕೆ ಬರೆಯುವಂತಿಲ್ಲ. ಅಗಸಿಯಲ್ಲಿ ಒಮೆಗಾ-3 ಕೊಬ್ಬಿದೆ, ನಾರೂ ಇದೆ. ಇನ್ನೊಂದು, 30 ಗ್ರಾಂ ಅಂದರೆ ಸುಮಾರು ನಾಲ್ಕು ದೊಡ್ಡ ಚಮಚ. ನಾವು ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ಒಂದೆರಡು ಚಮಚ ಅಷ್ಟೇ.

ನಮ್ಮ ಓಣಿಯ ಹಿರಿಯರೊಬ್ಬರು ಮೊಬೈಲಿನಲ್ಲಿ ಬಂದ ಸಂದೇಶ ನಂಬಿ ಬಿಪಿ ಗುಳಿಗೆ ಬಿಟ್ಟು ಅಗಸಿ ಹಿಡಿದರು. ತಲೆಸುತ್ತು ಬಂದು ಬಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಗುಳಿಗೆ ಗುಳಿಗೆಯೇ, ಹಿಂಡಿ ಊಟ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ಬಸುರಿಯರು ಜಾಸ್ತಿ ಅಗಸಿ ತಿನ್ನುವ ಮೊದಲು ಡಾಕ್ಟರನ್ನು ಕೇಳಿ. ನಾರು ಜಾಸ್ತಿ ಇರುವುದರಿಂದ ನೀರೂ ಚೆನ್ನಾಗಿ ಕುಡಿಯಿರಿ.

ಹಿಂಗಾರಿಯಲ್ಲಿ ಎರೆ ಹೊಲದ ಕಡಲೆ ನಡುವೆ ನೀಲಿ ಹೂವು ಬಿಡುವ ಈ ಕಾಳಿಗೆ ಒರಳೇ ಬೇಕೆಂದಿಲ್ಲ, ಮಿಕ್ಸರ್ ಸಾಕು. ಪುಡಿಯಾದ ಮೇಲೆ ಅದರ ಎಣ್ಣೆ ಬೇಗ ಕಮಟುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಎಂಟು ದಿನಕ್ಕಾಗುವಷ್ಟೇ ಮಾಡುತ್ತೇವೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇವೆ. ಅಪ್ಪನ ಪಾಲಿನದನ್ನು ಬೇರೆ ತೆಗೆದು ಉಪ್ಪು ಅರ್ಧ ಮಾಡಿ, ಬಳ್ಳೊಳ್ಳಿ ಎರಡೆಸಳು ಜಾಸ್ತಿ ಹಾಕುತ್ತೇವೆ.