ಡೆ ಹಾರ್ ಕೋಟೆ: ಹಳೆಯ ಗೋಡೆ, ಹೊಸ ಇಟ್ಟಿಗೆ

ಕೇಳುಗರೆಲ್ಲರಿಗೂ ನಮಸ್ಕಾರ. ನೆದರ್ಲೆಂಡ್ಸಿನಲ್ಲಿ ಕೆಲಸಕ್ಕಿರುವ ಮಗನನ್ನೋ ಮಗಳನ್ನೋ ನೋಡಿಕೊಂಡು ಬರಲು ಹೋಗುವ ತಂದೆತಾಯಿಗಳು ಈಗ ನಮ್ಮಲ್ಲಿ ಅನೇಕರಿದ್ದಾರೆ. ಉಟ್ರೆಕ್ಟ್ ನಗರದ ಪಶ್ಚಿಮಕ್ಕಿರುವ ಡೆ ಹಾರ್ ಕೋಟೆಗೆ ಮಕ್ಕಳು ಅವರನ್ನು ಕರೆದೊಯ್ಯುವುದುಂಟು. ಸುತ್ತ ನೀರು ತುಂಬಿದ ಕಂದಕ, ಚೂಪು ಶಿಖರದ ಗೋಪುರಗಳು, ಎತ್ತರದ ಇಟ್ಟಿಗೆಯ ಗೋಡೆಗಳನ್ನು ಕಂಡವರು, ಮಧ್ಯಯುಗದ ಕೋಟೆಯೊಂದು ಇದ್ದ ಹಾಗೆಯೇ ಉಳಿದು ಬಂದಿದೆ ಎಂದು ನಂಬಿ ಮರಳುತ್ತಾರೆ. ಅದು ಹಾಗಲ್ಲ. ನಾನು ಈ ದಿನ ಒಂದೇ ಮಾತನ್ನು ಹೇಳಲು ಬಂದಿದ್ದೇನೆ: ಹಳೆಯ ಕಟ್ಟಡವನ್ನು ಜೀರ್ಣೋದ್ಧಾರ ಮಾಡುವವನು ತಾನು ಸೇರಿಸಿದ್ದನ್ನು ಮರೆಮಾಚಬಾರದು. ಹಳೆಯದು ಯಾವುದು, ಹೊಸದು ಯಾವುದು ಎಂಬುದು ನೋಡುವವರ ಕಣ್ಣಿಗೆ ತಿಳಿಯಬೇಕು.

ಈ ಸ್ಥಳದ ಕೋಟೆಯ ಬಗ್ಗೆ ಸಿಗುವ ಅತ್ಯಂತ ಹಳೆಯ ದಾಖಲೆ 1391ರದು. ಆ ವರ್ಷ ಡೆ ಹಾರ್ ಮನೆತನಕ್ಕೆ ಕೋಟೆಯೂ ಸುತ್ತಲಿನ ಭೂಮಿಯೂ ಜಹಗೀರಾಗಿ ದೊರೆತವು. 1440ರಲ್ಲಿ ಆ ವಂಶದ ಕೊನೆಯ ಪುರುಷ ಮಕ್ಕಳಿಲ್ಲದೆ ತೀರಿಕೊಂಡ ಮೇಲೆ ಅದು ವಾನ್ ಜೌಲೆನ್ ಮನೆತನಕ್ಕೆ ಸೇರಿತು. 1482ರಲ್ಲಿ ಕೋಟೆಗೆ ಬೆಂಕಿ ಬಿತ್ತು, ಗೋಡೆಗಳನ್ನು ಕೆಡವಲಾಯಿತು. ಹದಿನಾರನೆಯ ಶತಮಾನದಲ್ಲಿ ಮತ್ತೆ ಎದ್ದುನಿಂತ ಕೋಟೆ, 1641ರಲ್ಲಿ ಅದರ ಒಡೆಯ ಸಂತಾನವಿಲ್ಲದೆ ಮರಣ ಹೊಂದಿದ ನಂತರ ನೋಡಿಕೊಳ್ಳುವವರಿಲ್ಲದೆ ಕ್ರಮೇಣ ಪಾಳುಬಿದ್ದಿತು.

1890ರಲ್ಲಿ ಈ ಪಾಳು ಕೋಟೆ ಎಟಿಯೆನ್ ವಾನ್ ಜೌಲೆನ್ ಎಂಬ ಬ್ಯಾರನ್‌ಗೆ ಪಿತ್ರಾರ್ಜಿತವಾಗಿ ಬಂತು. ಅವರ ಪತ್ನಿ ಎಲೆನ್ ಬ್ಯಾಂಕ್ ವ್ಯವಹಾರಕ್ಕೆ ಪ್ರಸಿದ್ಧವಾದ ರಾತ್‌ಶೀಲ್ಡ್ ಮನೆತನದವರಾದ್ದರಿಂದ ಹಣಕ್ಕೆ ಕೊರತೆಯಿರಲಿಲ್ಲ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ಮತ್ತು ಕೇಂದ್ರ ರೈಲು ನಿಲ್ದಾಣಗಳನ್ನು ರೂಪಿಸಿದ ವಾಸ್ತುಶಿಲ್ಪಿ ಪಿಯೆರ್ ಕೌಪರ್ಸ್ ಅವರಿಗೆ 1892ರಲ್ಲಿ ಕೆಲಸವನ್ನು ಒಪ್ಪಿಸಲಾಯಿತು, ಅದು 1912ರವರೆಗೆ ನಡೆಯಿತು. ಕೌಪರ್ಸ್ ಉಳಿದಿದ್ದ ಗೋಡೆಗಳನ್ನು ಕಿತ್ತೊಗೆಯದೆ ಅವುಗಳ ಮೇಲೆಯೇ ಕಟ್ಟಿದರು. ಹೊಸ ಭಾಗಕ್ಕೆ ಸ್ವಲ್ಪ ಬೇರೆ ಬಗೆಯ ಇಟ್ಟಿಗೆಯನ್ನು ಬೇಕೆಂದೇ ಬಳಸಿದರು. ಹೊರಗೋಡೆಯ ಮುಂದೆ ಸಾವಕಾಶವಾಗಿ ನಿಂತು ನೋಡಿದರೆ, ಹಳೆಯ ಗೋಡೆ ನಿಂತು ಹೊಸ ಗೋಡೆ ಶುರುವಾಗುವ ಜಾಗ ಕಾಣುತ್ತದೆ. ನನ್ನ ಪಾಲಿಗೆ ಇಡೀ ಕೋಟೆಯಲ್ಲಿ ಅತ್ಯಂತ ಮುಖ್ಯವಾದ ವಸ್ತು ಆ ಗೆರೆ. ದಯವಿಟ್ಟು ಫೋಟೋ ತೆಗೆಯುವ ಮೊದಲು ಅದನ್ನು ಹುಡುಕಿರಿ.

ಒಳಗೆ ಕಾಲಿಟ್ಟರೆ ಕಾಣುವ ಭವ್ಯ ಸಭಾಂಗಣ ಮಧ್ಯಯುಗದ್ದಲ್ಲ. ಹಿಂದೆ ತೆರೆದ ಅಂಗಳವಾಗಿದ್ದ ಜಾಗಕ್ಕೆ ಚಾವಣಿ ಹೊದಿಸಿ ಕೌಪರ್ಸ್ ಅದನ್ನು ಸೃಷ್ಟಿಸಿದರು. ಎರಕದ ಕಬ್ಬಿಣ, ಸ್ವಂತ ಜನರೇಟರಿನಿಂದ ಉರಿಯುವ ವಿದ್ಯುದ್ದೀಪಗಳು, ಕೋಣೆಗಳನ್ನು ಬೆಚ್ಚಗಿಡುವ ಹಬೆಯ ವ್ಯವಸ್ಥೆ, ಇವೆಲ್ಲವೂ ಆ ಕಾಲದ ಹೊಸ ಸೌಕರ್ಯಗಳೇ.

ಇಲ್ಲಿ ಊರಿನ ಕಥೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು. ಕೋಟೆಯ ಪಕ್ಕದಲ್ಲೇ ಹಾರ್‌ಜೌಲೆನ್ಸ್ ಎಂಬ ಹಳ್ಳಿಯಿತ್ತು. ಕೋಟೆಗೆ ತಕ್ಕ ಉದ್ಯಾನ ಬೇಕೆಂದು ಬ್ಯಾರನ್ ನಿರ್ಧರಿಸಿದಾಗ, ಚರ್ಚೊಂದನ್ನು ಬಿಟ್ಟು ಹಳ್ಳಿಯನ್ನೇ ಕೆಡವಿ, ಜನರನ್ನು ಸುಮಾರು ಒಂದು ಕಿಲೋಮೀಟರ್ ಆಚೆಗೆ ಕಟ್ಟಿದ ಹೊಸ ಊರಿಗೆ ಸಾಗಿಸಲಾಯಿತು. ಅಲ್ಲಿ ಅವರು ಕೋಟೆಯ ಒಡೆಯರ ಬಾಡಿಗೆದಾರರಾಗಿ ಬಾಳಿದರು. ಉದ್ಯಾನವನ್ನು ರೂಪಿಸಿದವರು ಹೆಂಡ್ರಿಕ್ ಕೋಪೈನ್. ಸಸಿ ನೆಟ್ಟು ಅವು ಬೆಳೆಯುವವರೆಗೆ ಕಾಯಲು ಬ್ಯಾರನ್‌ಗೆ ವ್ಯವಧಾನವಿರಲಿಲ್ಲ. ಆದ್ದರಿಂದ ನಲವತ್ತು ವರ್ಷ ವಯಸ್ಸಿನ ಏಳು ಸಾವಿರ ಮರಗಳನ್ನು ತರಿಸಲಾಯಿತು. ಉಟ್ರೆಕ್ಟಿನ ಇಕ್ಕಟ್ಟಾದ ಬೀದಿಗಳಲ್ಲಿ ಅವುಗಳನ್ನು ಸಾಗಿಸಲಾಗದೆ, ದಾರಿಗೆ ಅಡ್ಡವಾಗಿದ್ದ ಮನೆಯೊಂದನ್ನು ಬ್ಯಾರನ್ ಕೊಂಡು ಕೆಡವಿಸಿದರೆಂದು ಹೇಳುತ್ತಾರೆ. ಇನ್ನು ಹೊಸ ಊರನ್ನೂ ಮಧ್ಯಯುಗದ ಶೈಲಿಯಲ್ಲಿಯೇ, ನಡುವೆ ಹುಲ್ಲಿನ ಬಯಲಿಟ್ಟು, ಕದ ಮತ್ತು ಕಿಟಕಿಯ ಬಾಗಿಲುಗಳಿಗೆ ಕೋಟೆಯ ಕೆಂಪು ಬಿಳಿ ಬಣ್ಣ ಬಳಿದು ಕಟ್ಟಿದರು. ಅದು ಅಂದವಾಗಿದೆ, ನಿಜ. ಆದರೆ ಕೋಟೆಯ ಗೋಡೆಯಲ್ಲಿರುವ ಆ ಗೆರೆ ಈ ಊರಿನಲ್ಲಿಲ್ಲ. ಪ್ರವಾಸಿಗ ಇದನ್ನು ಪುರಾತನ ಹಳ್ಳಿಯೆಂದೇ ತಿಳಿಯುತ್ತಾನೆ, ಎತ್ತಂಗಡಿಯಾದ ಜನರ ಸುದ್ದಿ ಅವನಿಗೆ ಗೊತ್ತಾಗುವುದೇ ಇಲ್ಲ. ಹಳೆಯದನ್ನೂ ಹೊಸದನ್ನೂ ಬೇರೆಬೇರೆಯಾಗಿ ತೋರಿಸಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ನನಗಿತ್ತ ಅವಧಿ ಮುಗಿಯುತ್ತ ಬಂದಿದೆಯಾದ್ದರಿಂದ ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕೋಟೆಯ ಕೆಲಸ ಮುಗಿದ ಐದು ವರ್ಷಗಳಲ್ಲಿ, ಅಂದರೆ 1917ರಲ್ಲಿ, ಡಚ್ ಪುರಾತತ್ವಾಸಕ್ತರ ಸಂಘವು ಜೀರ್ಣೋದ್ಧಾರದ ಮೂಲತತ್ವಗಳನ್ನು ಪ್ರಕಟಿಸಿತು. ಹೊಸದಾಗಿ ಕಟ್ಟುವುದಕ್ಕಿಂತ ಇರುವುದನ್ನು ಉಳಿಸುವುದೇ ಮೊದಲ ಕರ್ತವ್ಯವೆಂಬುದು ಅದರ ಸಾರ. ಕಳೆದುಹೋದ ಭಾಗಗಳನ್ನು ಊಹೆಯಿಂದ ಪೂರ್ತಿಗೊಳಿಸುವ ಕೌಪರ್ಸ್ ಕಾಲದ ರೂಢಿಯನ್ನು ಅದು ಒಪ್ಪಲಿಲ್ಲ. 2000ದಲ್ಲಿ ಮನೆತನವು ಕೋಟೆಯನ್ನು ಒಂದು ಪ್ರತಿಷ್ಠಾನಕ್ಕೆ ವಹಿಸಿಕೊಟ್ಟಿತು, ವರ್ಷಕ್ಕೊಂದು ತಿಂಗಳು ಅಲ್ಲಿ ತಂಗುವ ಹಕ್ಕನ್ನು ಮಾತ್ರ ಉಳಿಸಿಕೊಂಡಿತು. ಅನಂತರ ನಡೆದ ದೊಡ್ಡ ದುರಸ್ತಿಯಲ್ಲಿ ಕೌಪರ್ಸ್ ಸೇರಿಸಿದ್ದನ್ನು ತೆಗೆದುಹಾಕಿ ಮಧ್ಯಯುಗವನ್ನು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಅವರ ಸಭಾಂಗಣ, ಅವರ ಇಟ್ಟಿಗೆ, ಅವರ ಕಬ್ಬಿಣಗಳೇ ಈಗ ಕಾಪಾಡಬೇಕಾದ ಸ್ಮಾರಕವಾಗಿವೆ. ಅವು ಯಾವ ಕಾಲದವೆಂಬುದು ಗೋಡೆಯನ್ನು ನೋಡಿದರೇ ತಿಳಿಯುತ್ತದೆ. ನಮಸ್ಕಾರ.