ಮಗುವಿನ ಹೊಟ್ಟೆಗೆ ಮದ್ದು ಹುಡುಕುವ ಮೊದಲು

ಎಲ್ಲರಿಗೂ ನಮಸ್ಕಾರ. ಪೋಷಣ ಮಾಸದ ಕಾರ್ಯಕ್ರಮ, ಮಕ್ಕಳ ಎದೆಯುರಿಗೆ, ಅಜೀರ್ಣಕ್ಕೆ ಮನೆಮದ್ದು ಹೇಳಿ ಅಂತ ಕರೆದಿದ್ದೀರಿ. ಮುಂದಿನ ಸಾಲಿನಲ್ಲಿ ಇಷ್ಟೊಂದು ಅಜ್ಜಿಯರು ಕೂತಿದ್ದೀರಿ. ಓಂಕಾಳು, ಜೀರಿಗೆ, ದೊಡ್ಡಪತ್ರೆ ಹೇಗೆ ಬಳಸಬೇಕು ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಮದ್ದಿನ ಪಟ್ಟಿ ಓದುವುದಿಲ್ಲ. ಮದ್ದಿಗಿಂತ ಮೊದಲು ನೋಡಬೇಕಾದ್ದು ಒಂದಿದೆ. ಗೋಡೆ ಮೇಲಿನ ಗಡಿಯಾರ.

ಕ್ಲಿನಿಕ್ಕಿಗೆ ಬರುವ ಹತ್ತು ತಾಯಂದಿರಲ್ಲಿ ಒಂಬತ್ತು ಮಂದಿ ಕೇಳುವುದು ಒಂದೇ ಮಾತು: “ಹೊಟ್ಟೆನೋವು ಅಂತಾನೆ, ಏನು ಕೊಡಲಿ?” ನಾನು ತಿರುಗಿ ಕೇಳುತ್ತೇನೆ: ಎಷ್ಟು ಹೊತ್ತಿಗೆ ತಿಂದ? ಎಷ್ಟು ಹೊತ್ತಿಗೆ ಮಲಗಿದ? ಕಕ್ಕಸಿಗೆ ಹೋಗಿ ಎಷ್ಟು ದಿನ ಆಯ್ತು? ಉತ್ತರ ಹೇಳುತ್ತಾ ಹೇಳುತ್ತಾ ಎಷ್ಟೋ ಸಲ ಕಾರಣ ಅವರಿಗೇ ಹೊಳೆದುಬಿಡುತ್ತದೆ.

ಒಬ್ಬ ಹುಡುಗನ ಕತೆ ಹೇಳುತ್ತೇನೆ. ಏಳು ವರ್ಷ. ಅಜ್ಜಿ ಕರೆದುಕೊಂಡು ಬಂದಿದ್ದರು. ರಾತ್ರಿ ಎದೆ ಹಿಡಿದುಕೊಂಡು ಏಳುತ್ತಾನೆ, ಬಾಯಲ್ಲಿ ಹುಳಿ ನೀರು ಬರುತ್ತೆ ಅಂತಾನೆ, ಬೆಳಿಗ್ಗೆ ತಿಂಡಿ ಬೇಡ ಅಂತಾನೆ. ಅಜ್ಜಿ ಜೀರಿಗೆ ನೀರು ಕೊಟ್ಟಿದ್ದರು. ದೊಡ್ಡಪತ್ರೆ ತಂಬುಳಿ ಮಾಡಿ ಹಾಕಿದ್ದರು. ದೃಷ್ಟಿಯೂ ತೆಗೆದಾಗಿತ್ತು. ಯಾರೋ ಹೇಳಿದರು ಅಂತ ಅಡುಗೆ ಸೋಡಾವನ್ನೂ ಒಂದು ಚಿಟಿಕೆ ಕೊಟ್ಟಿದ್ದರು. ನಾನು ಹುಡುಗನನ್ನೇ ಕೇಳಿದೆ, “ರಾತ್ರಿ ಏನೋ ತಿಂತೀಯಾ, ಪುಟ್ಟಾ?” “ಅನ್ನ, ಸಾರು.” “ಆಮೇಲೆ?” ಅಜ್ಜಿಯ ಮುಖ ನೋಡಿದ. ಅಜ್ಜಿ ಸೀರೆ ಸೆರಗು ಸರಿ ಮಾಡಿಕೊಂಡರು.

ವಿಷಯ ಇಷ್ಟು. ಅಪ್ಪನದು ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಹೋಟೆಲ್. ಬಾಗಿಲು ಹಾಕಿ ಮನೆ ಸೇರುವಾಗ ರಾತ್ರಿ ಹತ್ತು. ಬರುವಾಗ ಉಳಿದ ಬೋಂಡಾನೋ ಮಿರ್ಚಿ ಬಜ್ಜಿನೋ ಪೇಪರ್‌ನಲ್ಲಿ ಸುತ್ತಿ ತರುತ್ತಾರೆ. ಹುಡುಗ ನಿದ್ದೆ ತಡೆದುಕೊಂಡು ಕಾಯುತ್ತಾನೆ. ಇಬ್ಬರೂ ಹಾಸಿಗೆ ಮೇಲೆ ಕೂತು ತಿನ್ನುತ್ತಾರೆ. ಅದೇ ಪೇಪರಿಗೆ ಕೈ ಒರೆಸಿಕೊಂಡು, ಅಪ್ಪನ ತೋಳಿನ ಮೇಲೆ ತಲೆ ಇಟ್ಟು ಹುಡುಗ ಮಲಗುತ್ತಾನೆ. ದಿನಕ್ಕೆ ಅಪ್ಪ ಸಿಗುವುದೇ ಆ ಅರ್ಧ ಗಂಟೆ. ಈಗ ಹೇಳಿ, ಬೋಂಡಾ ನಿಲ್ಲಿಸಿ ಅಂತ ಯಾವ ಬಾಯಲ್ಲಿ ಹೇಳುವುದು?

ನಿಲ್ಲಿಸಿ ಅಂತ ಹೇಳಲಿಲ್ಲ. ಅಪ್ಪನನ್ನು ಕರೆಸಿ ಮಾತಾಡಿದೆ. ತುಂಬಾ ಒಳ್ಳೆಯ ಮನುಷ್ಯ, ಕೇಳುತ್ತಾ ಕಣ್ಣಲ್ಲಿ ನೀರು ತಂದುಕೊಂಡರು. “ನಾನು ತಂದಿದ್ದಕ್ಕೇ ಹೀಗಾಯ್ತಾ?” ಅಂದರು. ಇಲ್ಲ, ನೀವು ತಂದ ಹೊತ್ತಿಗೆ ಹೀಗಾಗುತ್ತಿದೆ ಅಂದೆ. ಹುಡುಗನ ಊಟ ಸಂಜೆ ಏಳೂವರೆಗೆ ಮುಗಿಯಲಿ. ಅಪ್ಪ ಬಂದ ಮೇಲೆ ಕತೆ, ಮಾತು ಇರಲಿ, ತಿಂಡಿ ಬೇಡ. ಬೋಂಡಾ ಭಾನುವಾರ ಮಧ್ಯಾಹ್ನ, ಹೋಟೆಲಿನಲ್ಲೇ, ಅಪ್ಪನ ಪಕ್ಕ ಕೂತು, ಬಿಸಿಬಿಸಿ. ಹುಡುಗ ತಕ್ಷಣ ಕೇಳಿದ, “ಎಷ್ಟು ಬೋಂಡಾ?” ಎರಡಕ್ಕೆ ಒಪ್ಪಂದ ಆಯ್ತು. ಕೆಲವೇ ವಾರಗಳಲ್ಲಿ ರಾತ್ರಿ ಏಳುವುದು ನಿಂತಿತು. ಅಜ್ಜಿ ಮತ್ತೆ ಬಂದವರು ಹೇಳಿದ್ದೇನು ಗೊತ್ತಾ? “ಕೊನೆಗೂ ನಮ್ಮ ಜೀರಿಗೆ ನೀರೇ ಕೈ ಹಿಡೀತು ನೋಡಿ, ಡಾಕ್ಟ್ರಮ್ಮ.” ಹೌದು ಅಜ್ಜಿ, ಕೊಡ್ತಾ ಇರಿ ಅಂದೆ. ಊಟ ಆದ ಮೇಲೆ ಅಷ್ಟು ದೊಡ್ಡ ಹುಡುಗನಿಗೆ ನಾಲ್ಕು ಗುಟುಕು ಬೆಚ್ಚಗಿನ ಜೀರಿಗೆ ನೀರು ಒಳ್ಳೆಯದೇ. ಅಡುಗೆ ಸೋಡಾ ಮಾತ್ರ ಬೇಡ ಅಂದೆ. ಅದರಲ್ಲಿ ಸೋಡಿಯಂ ಜಾಸ್ತಿ, ಮಕ್ಕಳಿಗೆ ಅಪಾಯ. ದೊಡ್ಡವರು ಗ್ಯಾಸ್‌ಗೆ ಅಂತ ನೀರಿಗೆ ಹಾಕಿ ಕುಡಿಯುವ ಬುರುಗು ಪುಡಿಯೂ ಅದೇ ಜಾತಿ.

ಕಾರಣ ಸರಳ. ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಒಂದು ಬಿಗಿಯಾದ ಸ್ನಾಯುವಿನ ಉಂಗುರ ಇದೆ, ಚೀಲದ ಬಾಯಿಗೆ ಕಟ್ಟಿದ ದಾರದ ಹಾಗೆ. ಹೊಟ್ಟೆ ತುಂಬಿರುವಾಗ ಮಲಗಿದರೆ ಆಮ್ಲ ಆ ಬಾಯಿಗೇ ಬಂದು ತಾಗುತ್ತದೆ. ಎಣ್ಣೆ ತಿಂಡಿ ಹೊಟ್ಟೆಯಲ್ಲಿ ತುಂಬಾ ಹೊತ್ತು ಇರುತ್ತದೆ, ಆ ಉಂಗುರವನ್ನೂ ಸಡಿಲ ಮಾಡುತ್ತದೆ. ಚಾಕೊಲೇಟ್, ಟೀ, ಕಾಫಿ ಕೂಡ ಸಡಿಲ ಮಾಡುವಂಥವೇ. ಪುದೀನವೂ ಅಷ್ಟೆ, ಎದೆಯುರಿಗೆ ತಂಪು ಅಂತ ಕೊಡ್ತಾರೆ, ಕೆಲವು ಮಕ್ಕಳಿಗೆ ಅದರಿಂದಲೇ ಉರಿ ಜಾಸ್ತಿ ಆಗುತ್ತೆ. ತಣ್ಣನೆ ಹಾಲು ಕುಡಿದಾಗ ಹಿತ ಅನಿಸುತ್ತದೆ, ಸ್ವಲ್ಪ ಹೊತ್ತಿಗೆ ಹೊಟ್ಟೆ ಇನ್ನಷ್ಟು ಆಮ್ಲ ಬಿಡುತ್ತದೆ. ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಬಿಡುವು ಕೊಡಿ. ದೊಡ್ಡ ಮಗು ಎಡಮಗ್ಗುಲಿಗೆ ಮಲಗಲಿ. ಮೊದಲ ಮದ್ದು ಇದೇ. ಅಂಗಡಿಯಲ್ಲಿ ಸಿಗುವುದಿಲ್ಲ, ದುಡ್ಡೂ ಬೇಡ.

ನಮ್ಮ ಮಲೆನಾಡಿನ ತಂಬುಳಿ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ದೊಡ್ಡಪತ್ರೆ ಎಲೆಯನ್ನು ಜೀರಿಗೆ, ಒಂದೆರಡು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿ ಹಾಕಿ ರುಬ್ಬಿ, ಸಿಹಿ ಮಜ್ಜಿಗೆಗೆ ಬೆರೆಸಿ, ಮೆತ್ತಗಿನ ಅನ್ನಕ್ಕೆ ಕಲಸಿ ಕೊಡ್ತೀರಲ್ಲ, ಹೊಟ್ಟೆ ಕೆಟ್ಟ ಮಗುವಿಗೆ ಅದಕ್ಕಿಂತ ಒಳ್ಳೆಯ ಊಟ ಕಷ್ಟ. ಖಾರ ಕಡಿಮೆ, ಜಿಡ್ಡು ಕಡಿಮೆ, ಮಜ್ಜಿಗೆಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇದೆ. ನಮ್ಮ ಅಜ್ಜಿಯರು ಅದನ್ನು ಮದ್ದು ಅಂತ ಚಮಚದಲ್ಲಿ ಅಳೆದು ಕುಡಿಸಲಿಲ್ಲ, ಊಟ ಅಂತ ಬಡಿಸಿದರು. ಅದೇ ಅವರ ಜಾಣತನ. ಆದರೆ ಒಂದು ಮಾತು, ಇದು ಊಟ ಶುರು ಮಾಡಿದ ಮಕ್ಕಳಿಗೆ ಮಾತ್ರ.

ಈಗ ಹಸುಗೂಸುಗಳ ಮಾತು. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆರು ತಿಂಗಳವರೆಗೆ ಎದೆಹಾಲು ಬಿಟ್ಟರೆ ಬೇರೇನೂ ಬೇಡ. ನೀರೂ ಬೇಡ. ಕೂಸು ಹಾಲು ಕಕ್ಕುತ್ತದೆ ಅಂತ ಗಾಬರಿ ಆಗುತ್ತೀರಿ. ಆ ಸ್ನಾಯುವಿನ ಉಂಗುರ ಇನ್ನೂ ಬಲಿತಿರುವುದಿಲ್ಲ, ಅದಕ್ಕೇ ಕಕ್ಕುತ್ತದೆ. ನಾಲ್ಕು ತಿಂಗಳ ಹೊತ್ತಿಗೆ ಅದು ಜಾಸ್ತಿ, ವರ್ಷ ತುಂಬುವಷ್ಟರಲ್ಲಿ ಬಹುಪಾಲು ಮಕ್ಕಳಲ್ಲಿ ತಾನಾಗಿ ನಿಲ್ಲುತ್ತದೆ. ತೂಕ ಏರುತ್ತಿದೆ, ಕೂಸು ನಗುತ್ತಿದೆ ಅಂದರೆ ಬಟ್ಟೆ ಒಗೆಯುವ ಕೆಲಸ ಬಿಟ್ಟು ಬೇರೆ ತೊಂದರೆ ಇಲ್ಲ. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿ ತೇಗು ಬರಿಸಿ. ಇಪ್ಪತ್ತು ಮೂವತ್ತು ನಿಮಿಷ ನೆಟ್ಟಗೆ ಎತ್ತಿಕೊಂಡಿರಿ. ಮಲಗಿಸುವಾಗ ಬೆನ್ನ ಮೇಲೇ ಮಲಗಿಸಿ, ಬೋರಲು ಬೇಡ.

ಇನ್ನು ಸಂಜೆ ಹೊತ್ತು ಕಾಲು ಮಡಚಿಕೊಂಡು, ಮುಖ ಕೆಂಪು ಮಾಡಿಕೊಂಡು ಕಿರುಚುವ ಅಳು. ಇದು ಹುಟ್ಟಿದ ಎರಡು ಮೂರು ವಾರಕ್ಕೆ ಶುರುವಾಗುತ್ತದೆ, ಆರನೇ ವಾರದ ಹೊತ್ತಿಗೆ ತಾರಕಕ್ಕೆ ಏರುತ್ತದೆ, ಮೂರು ನಾಲ್ಕು ತಿಂಗಳಿಗೆ ನಿಲ್ಲುತ್ತದೆ. ಮತ್ತೆ ಗಡಿಯಾರಕ್ಕೇ ಬಂದೆವು ನೋಡಿ. ಈ ಸಲ ಕ್ಯಾಲೆಂಡರ್. ಮೂರನೇ ತಿಂಗಳಲ್ಲಿ ಏನು ಕೊಟ್ಟರೂ ಕೆಲಸ ಮಾಡಿದ ಹಾಗೆ ಕಾಣುತ್ತದೆ, ಅಳು ಹೇಗೂ ನಿಲ್ಲುವ ಕಾಲ ಅದು. ಗ್ರೈಪ್ ವಾಟರ್ ಇಷ್ಟು ಹೆಸರು ಮಾಡಿದ್ದು ಹೀಗೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ 1851ರಲ್ಲಿ ಅದನ್ನು ತಯಾರಿಸಿದ. ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆ, ಜೊತೆಗೆ ಮದ್ಯಸಾರ. ಆ ಕಾಲದ ಕೂಸುಗಳು ಸುಮ್ಮನಾದದ್ದರಲ್ಲಿ ಆಶ್ಚರ್ಯ ಏನಿದೆ! ಈಗ ಮದ್ಯಸಾರ ತೆಗೆದಿದ್ದಾರೆ. ಆದರೂ ಆರು ತಿಂಗಳ ಒಳಗಿನ ಕೂಸಿಗೆ ಅದು ಬೇಕಾಗಿಲ್ಲ.

ಇನ್ನು ಬಜೆ. ಬಾಣಂತಿ ಕೋಣೆಯಲ್ಲಿ ಆ ಸಣ್ಣ ಕಲ್ಲು, ಅದರ ಮೇಲೆ ಎದೆಹಾಲು ಬಿಟ್ಟು ಬಜೆ ಬೇರು, ಜಾಯಿಕಾಯಿ, ಅಳಲೆಕಾಯಿ ಒಂದೊಂದೇ ಸುತ್ತು ತೇಯುವುದು, ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಸವರುವುದು. ಆ ಕಲ್ಲಿನ ಹಿಂದೆ ಎಷ್ಟು ತಲೆಮಾರಿನ ಅಕ್ಕರೆ ಇದೆ ಅಂತ ನನಗೆ ಗೊತ್ತು. ಆದರೂ ಬೇಡ ಅಂತಲೇ ಹೇಳುತ್ತೇನೆ. ಬಜೆಯಲ್ಲಿ ಬೀಟಾ ಅಸರೋನ್ ಅನ್ನುವ ಅಂಶ ಇದೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಅದರಿಂದ ಗಡ್ಡೆ ಬೆಳೆದದ್ದು ಕಂಡು, 1968ರಲ್ಲೇ ಅಮೆರಿಕ ಬಜೆಯನ್ನು ಆಹಾರದಲ್ಲಿ ಬಳಸುವಂತಿಲ್ಲ ಅಂದಿತು. ಜಾಯಿಕಾಯಿ ಜಾಸ್ತಿಯಾದರೆ ಕೂಸಿಗೆ ಮಂಪರು. ಎಷ್ಟು ಸುತ್ತು ತೇಯ್ದರೆ ಎಷ್ಟು ಹೋಯಿತು ಅಂತ ಅಳೆಯುವವರು ಯಾರು? ಕಲ್ಲು ತೊಳೆದ ನೀರು ಯಾವುದು? ಕೂಸು ಚಿಕ್ಕದಾದಷ್ಟೂ ಬಾಯಿಗೆ ಹೋಗುವ ಪದಾರ್ಥ ಕಡಿಮೆ ಇರಬೇಕು. ಹೊಕ್ಕುಳ ಸುತ್ತ ಇಂಗು ಹಚ್ಚುತ್ತೀರಾ, ಹೊಕ್ಕುಳ ಒಣಗಿದ ಮೇಲೆ ಹೊರಗಿಂದ ತೆಳ್ಳಗೆ ಹಚ್ಚಿದರೆ ನನ್ನ ತಕರಾರು ಇಲ್ಲ, ಬಾಯಿಗೆ ಹಾಕಬೇಡಿ. ವರ್ಷ ತುಂಬುವವರೆಗೆ ಜೇನುತುಪ್ಪ ಬೇಡವೇ ಬೇಡ, ಬೊಟುಲಿಸಂ ಅನ್ನುವ ಗಂಭೀರ ಕಾಯಿಲೆ ಬರಬಹುದು. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ, ಕೈಗೆ ಸಿಗದ ಹಾಗೆ ಇಡಿ.

ಕೆಲವು ಕಡೆ ಇನ್ನೂ ಹೊಟ್ಟೆಗೆ ಬರೆ ಹಾಕುತ್ತಾರೆ. ಬಿಸಿ ಬಳೆ, ಬಿಸಿ ಸೂಜಿ, ಊದಿನಕಡ್ಡಿ. ಆಶಾ ಕಾರ್ಯಕರ್ತೆಯರು ಇಲ್ಲಿದ್ದೀರಿ, ಕೈ ಮುಗಿದು ಕೇಳುತ್ತೇನೆ, ಅಂಥದ್ದು ಕಿವಿಗೆ ಬಿದ್ದರೆ ಆ ಮನೆಗೆ ಅವತ್ತೇ ಹೋಗಿ. ನೋವಿರುವ ಹೊಟ್ಟೆಗೆ ಇನ್ನೊಂದು ಗಾಯ, ಅದರ ಮೇಲೆ ನಂಜು. ಅದರಿಂದ ಯಾವ ಕಾಯಿಲೆಯೂ ವಾಸಿಯಾಗುವುದಿಲ್ಲ.

ಶಾಲೆ ಮಕ್ಕಳ ಹೊಟ್ಟೆನೋವಿಗೆ ಬರುತ್ತೇನೆ. ಬ್ರಿಸ್ಟಲ್‌ನ ಜಾನ್ ಏಪ್ಲಿ ಎಂಬ ಮಕ್ಕಳ ವೈದ್ಯರು 1950ರ ದಶಕದಲ್ಲಿ ಸಾವಿರ ಶಾಲಾ ಮಕ್ಕಳನ್ನು ನೋಡಿದರು. ಹತ್ತರಲ್ಲಿ ಒಂದು ಮಗುವಿಗೆ ಮತ್ತೆ ಮತ್ತೆ ಹೊಟ್ಟೆನೋವು. ಹೆಚ್ಚಿನವರಿಗೆ ಹೊಟ್ಟೆಯೊಳಗೆ ಕಾಯಿಲೆ ಅಂತ ಏನೂ ಇರಲಿಲ್ಲ. ಅವರು ಹೇಳಿದ ಒಂದು ಮಾತನ್ನು ನಾವು ಇವತ್ತಿಗೂ ನೆನಪಿಡುತ್ತೇವೆ: ನೋವು ಹೊಕ್ಕುಳಿಂದ ದೂರ ಹೋದಷ್ಟೂ ನಿಜವಾದ ಕಾಯಿಲೆ ಇರುವ ಸಂಭವ ಜಾಸ್ತಿ. ಹಾಗಂತ ಹೊಕ್ಕುಳ ಹತ್ತಿರದ ನೋವು ನಾಟಕ ಅಂತ ಅಲ್ಲ. ಮಗುವಿಗೆ ನೋಯುತ್ತದೆ, ನಂಬಿ.

ನಮ್ಮ ಊರುಗಳಲ್ಲಿ ಅದಕ್ಕೆ ದೊಡ್ಡ ಕಾರಣ ಮಲಬದ್ಧತೆ. ಬೆಳಿಗ್ಗೆ ಎಂಟಕ್ಕೆ ವ್ಯಾನು. ಎದ್ದು, ಹಲ್ಲುಜ್ಜಿ, ಒಂದು ದೊಡ್ಡ ಲೋಟ ಹಾಲು ಗಟಗಟ ಕುಡಿದು ಓಟ. ಶಾಲೆಯ ಶೌಚಾಲಯದಲ್ಲಿ ನೀರಿಲ್ಲ, ಚಿಲಕ ಇಲ್ಲ. ಮಗು ಸಂಜೆವರೆಗೆ ತಡೆದುಕೊಳ್ಳುತ್ತದೆ. ನೀರು ಕುಡಿದರೆ ಹೋಗಬೇಕಾಗುತ್ತೆ ಅಂತ ನೀರೂ ಕುಡಿಯುವುದಿಲ್ಲ. ಬಾಟಲಿ ಹೋದಷ್ಟೇ ತುಂಬಿ ವಾಪಸ್ ಬರುತ್ತದೆ, ಗಮನಿಸಿದ್ದೀರಲ್ವಾ? ಹೀಗೆ ತಡೆದು ತಡೆದು ಮಲ ಗಟ್ಟಿಯಾಗುತ್ತದೆ, ನೋವಾಗುತ್ತದೆ, ನೋವಿಗೆ ಹೆದರಿ ಇನ್ನೂ ತಡೆಯುತ್ತದೆ. ಕೊನೆಗೆ ಗಟ್ಟಿ ಮಲದ ಪಕ್ಕದಿಂದ ನೀರಾಗಿ ಸೋರಿ ಚಡ್ಡಿ ಕಲೆ ಆಗುತ್ತದೆ. ಅಮ್ಮ ಭೇದಿ ಅಂತ ತಿಳಿದು ಭೇದಿ ನಿಲ್ಲುವ ಮದ್ದು ಕೊಡುತ್ತಾಳೆ, ಇಲ್ಲವೇ ಬೈಯುತ್ತಾಳೆ. ದಯವಿಟ್ಟು ಬೈಯಬೇಡಿ. ಅದು ಮಗುವಿನ ಹಿಡಿತದಲ್ಲಿಲ್ಲ.

ಇದಕ್ಕೂ ಗಡಿಯಾರವೇ. ಊಟ ಹೊಟ್ಟೆಗೆ ಬಿದ್ದಾಗ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಅರ್ಧ ಗಂಟೆ ಬೇಗ ಎಬ್ಬಿಸಿ. ತಿಂಡಿ ಆದ ಮೇಲೆ ಐದು ಹತ್ತು ನಿಮಿಷ ಕಕ್ಕಸಿಗೆ ಕೂರಿಸಿ, ಅವಸರ ಬೇಡ, ಮೊಬೈಲೂ ಬೇಡ. ಕಮೋಡ್ ಇದ್ದರೆ ಕಾಲ ಕೆಳಗೆ ಒಂದು ಮಣೆ ಇಡಿ. ಹಾಲು ದಿನಕ್ಕೆ ಅರ್ಧ ಲೀಟರ್ ದಾಟದಿರಲಿ. ರಾತ್ರಿ ನೆನೆಸಿದ ಒಣದ್ರಾಕ್ಷಿ, ಪಪ್ಪಾಯಿ, ಸೀಬೆ, ಸೊಪ್ಪಿನ ಪಲ್ಯ, ಜರಡಿ ಹಿಡಿಯದ ರಾಗಿ ಹಿಟ್ಟಿನ ಮುದ್ದೆ ಕೊಡಿ. ಹರಳೆಣ್ಣೆ ಕುಡಿಸಬೇಡಿ, ಕರುಳನ್ನು ಹಿಂಡುತ್ತದೆ. ಇಷ್ಟಕ್ಕೂ ಸರಿಹೋಗದಿದ್ದರೆ ಕರೆದುಕೊಂಡು ಬನ್ನಿ. ಮತ್ತೆ ಶಾಲೆಯ ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯಲ್ಲಿ ಇರುವ ತಾಯಂದಿರೇ, ಮುಂದಿನ ಸಭೆಯಲ್ಲಿ ಶೌಚಾಲಯದ ನೀರು ಮತ್ತು ಚಿಲಕದ ವಿಷಯ ಎತ್ತಿ. ನಾನು ಬರೆಯುವ ಎಷ್ಟೋ ಸಿರಪ್ಪಿಗಿಂತ ಆ ಚಿಲಕ ಮೇಲು.

ಸಮಯ ಆಯ್ತು ಅಂತ ಚೀಟಿ ಬಂತು. ಜಂತುಹುಳು, ಗೋಧಿ ಅಲರ್ಜಿ ಎಲ್ಲ ಇನ್ನೊಂದು ದಿನ. ಫೆಬ್ರವರಿ 10, ಆಗಸ್ಟ್ 10ಕ್ಕೆ ಕೊಡುವ ಆಲ್ಬೆಂಡಜೋಲ್ ಮಾತ್ರೆ ತಪ್ಪಿಸಬೇಡಿ, ಅಷ್ಟು ಸಾಕು.

ವಾಂತಿ ಭೇದಿಯ ಬಗ್ಗೆ ಹೇಳದೆ ಇಳಿಯುವುದಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತ್ತು. ಪಶ್ಚಿಮ ಬಂಗಾಳದ ಬೋನ್‌ಗಾಂವ್ ಶಿಬಿರದಲ್ಲಿ ರಕ್ತನಾಳಕ್ಕೆ ಕೊಡುವ ದ್ರವ ಮುಗಿದಾಗ ಡಾ. ದಿಲೀಪ್ ಮಹಲನೋಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರನ್ನು ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತು ಇದ್ದ ಸಾವು ನಾಲ್ಕಕ್ಕೂ ಕೆಳಗೆ ಇಳಿಯಿತು. ಕುಡಿಸಿದವರು ನಿಮ್ಮಂಥ ಅಮ್ಮಂದಿರು, ಅಣ್ಣಂದಿರು. ಇದಕ್ಕಿಂತ ದೊಡ್ಡ ಮನೆಮದ್ದು ನನಗೆ ಗೊತ್ತಿಲ್ಲ.

ಅಂಥದೇ ಉಪ್ಪು, ಗ್ಲೂಕೋಸಿನ ಪುಡಿ ಈಗ ಓಆರ್‌ಎಸ್ ಅಂತ ಪೊಟ್ಟಣದಲ್ಲಿ ಸಿಗುತ್ತದೆ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಲೋಟಕ್ಕೆ ಒಂದು ಚಿಟಿಕೆ ಹಾಕಿ ಉಳಿದದ್ದು ಎತ್ತಿಡಬೇಡಿ, ಲೆಕ್ಕ ತಪ್ಪುತ್ತದೆ. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಕೊಡಿ. ಕಲಸಿದ್ದನ್ನು ಒಂದು ದಿನ ದಾಟಿಸಬೇಡಿ. ಎದೆಹಾಲು, ಊಟ ನಿಲ್ಲಿಸಬೇಡಿ. ಆರು ತಿಂಗಳು ದಾಟಿದ ಮಗುವಿಗೆ 20 ಮಿಲಿಗ್ರಾಂ ಜಿಂಕ್ ಮಾತ್ರೆ 14 ದಿನ, ಭೇದಿ ನಿಂತರೂ ಪೂರ್ತಿ ಕೊಡಿ. ಸಿಹಿ ಜ್ಯೂಸ್ ಡಬ್ಬಿಗಳ ಮೇಲೆ ಓಆರ್‌ಎಸ್ ಅಂತ ಬರೆದು ಮಾರುತ್ತಿದ್ದರು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು, 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆ ಹೆಸರು ಹಾಕುವಂತಿಲ್ಲ ಅಂತ ಆದೇಶ ಮಾಡಿತು. ಅಂಗಡಿಯಲ್ಲಿ ಪೊಟ್ಟಣವನ್ನೇ ಕೇಳಿ.

ಯಾವ ಮನೆಮದ್ದಿಗೂ ಕಾಯದೆ ಓಡಿ ಬರಬೇಕಾದ್ದು ಯಾವಾಗ, ಅದನ್ನು ಹೇಳಿಬಿಡುತ್ತೇನೆ. ಹಸಿರು ವಾಂತಿ. ಮಲದಲ್ಲಿ ಅಥವಾ ವಾಂತಿಯಲ್ಲಿ ರಕ್ತ. ತಿಂಗಳ ಕೂಸು ಪ್ರತಿ ಸಲ ಹಾಲನ್ನು ದೂರಕ್ಕೆ ಚಿಮ್ಮಿಸಿ ಕಕ್ಕುವುದು. ಕೂಸು ಬಿಟ್ಟು ಬಿಟ್ಟು ಕಿರುಚಿ, ನಡುವೆ ಬಿಳಿಚಿಕೊಂಡು ಸುಸ್ತಾಗುವುದು. ಹೊಟ್ಟೆಯ ಬಲಗಡೆ ಕೆಳಗೆ ನೋವು, ಜೊತೆಗೆ ಜ್ವರ. ಆರೆಂಟು ಗಂಟೆ ಉಚ್ಚೆ ಹೊಯ್ಯದಿರುವುದು, ಕಣ್ಣು ಗುಳಿ ಬೀಳುವುದು. ತೂಕ ಇಳಿಯುವುದು. ಇವಕ್ಕೆ ರಾತ್ರಿ ಎರಡು ಗಂಟೆಯಾದರೂ ಬೆಳಗಾಗಲಿ ಅಂತ ಕಾಯಬೇಡಿ.

ಬಾಗಿಲ ಹತ್ತಿರದ ಮೇಜಿನ ಮೇಲೆ ಓಆರ್‌ಎಸ್ ಪೊಟ್ಟಣ ಇಟ್ಟಿದ್ದೇವೆ. ಹೋಗುವಾಗ ಮನೆಗೆ ಎರಡೆರಡು ತಗೊಂಡು ಹೋಗಿ. ಒಂದು ಲೀಟರ್ ಬಾಟಲಿಯೂ ಅಲ್ಲೇ ಇದೆ, ಕಲಸುವುದು ಹೇಗೆ ಅಂತ ಆಶಾ ಅಕ್ಕಂದಿರು ತೋರಿಸುತ್ತಾರೆ. ಪ್ರಶ್ನೆ ಇದ್ದವರು ಅಲ್ಲಿಗೇ ಬನ್ನಿ, ನಾನೂ ಅಲ್ಲೇ ಇರುತ್ತೇನೆ.